ಟಿವಿ ನಮ್ಮನ್ನು ‘ತಿಳೀತೇನು?’ ಅಂತ ಕೇಳಿದ ವರ್ಷ

2013ರ ಚಳಿಗಾಲದಲ್ಲಿ ಅಪ್ಪ ನಮ್ಮ ಮನೆಗೆ ಬಂದಿದ್ದರು. ಆಗ ನಾವು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದೆವು. ರಾಯಚೂರು ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತೇಳು ವರ್ಷ ಮಾಸ್ತರಿಕೆ ಮಾಡಿದವರು, ನಿವೃತ್ತರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ. ಹೊರಗೆ ಹಿಮ, ಒಳಗೆ ಟಿವಿ. ಸುಮ್ನೆ ಕೂರುವ ಜನ ಅಲ್ಲ ಅವರು. ಒಂದು ನೋಟ್‌ಬುಕ್ ತೆಗೆದುಕೊಂಡು, ಸ್ಕೇಲಿನಿಂದ ಗೆರೆ ಎಳೆದು, ಎಷ್ಟನೇ ನಂಬರಿಗೆ ಯಾವ ಚಾನೆಲ್, ಅದರಲ್ಲಿ ಏನು ಬರುತ್ತದೆ ಅಂತ ಹಾಜರಿ ಪುಸ್ತಕದ ಹಾಗೆ ಬರೆದಿಡುತ್ತಿದ್ದರು. ಒಂದು ಸಂಜೆ ನಾನು ಬಂದಾಗ ಟಿವಿ ಮುಂದೆ ಪೆನ್ನು ಹಿಡಿದೇ ಕೂತಿದ್ದರು. ‘ಟಿ, ಎಲ್, ಸಿ. ಇದರಾಗ ಎಲ್ ಅಂದ್ರ ಏನಪ್ಪ?’ ಅಂದರು. ನನಗೆ ಗೊತ್ತಿತ್ತು. ‘ಲರ್ನಿಂಗ್ ಅಪ್ಪ. ದಿ ಲರ್ನಿಂಗ್ ಚಾನೆಲ್’ ಅಂದೆ. ಅವರು ತಮ್ಮ ಗುಂಡು ಅಕ್ಷರದಲ್ಲಿ ‘ಕಲಿಕೆ’ ಅಂತ ಬರೆದುಕೊಂಡರು. ಮತ್ತೆ ತಲೆಯೆತ್ತಿ ಟಿವಿ ನೋಡಿದರು.

ಟಿವಿಯಲ್ಲಿ ಐದಾರು ವರ್ಷದ ಒಂದು ಹುಡುಗಿ ಇತ್ತು. ಪುಟ್ಟ ಮಕ್ಕಳ ಸೌಂದರ್ಯ ಸ್ಪರ್ಧೆ. ಮುಖದ ತುಂಬ ಮೇಕಪ್, ತಲೆಗೆ ಚೌರಿ, ಕಣ್ಣಿಗೆ ಅಂಟಿಸಿದ ರೆಪ್ಪೆ. ಹಾಲುಹಲ್ಲು ಬಿದ್ದ ಸಂದು ಕಾಣಬಾರದು ಅಂತ ತಾಯಿ ಅದರ ಬಾಯಿಗೆ ಕೃತಕ ಹಲ್ಲಿನ ಒಂದು ಸಾಲನ್ನು ಕೂರಿಸುತ್ತಿದ್ದಳು. ಹುಡುಗಿ ಬೇಡ ಅಂತ ತಲೆ ಆಡಿಸುತ್ತಿತ್ತು. ಕ್ಯಾಮೆರಾ ಇನ್ನೂ ಹತ್ತಿರ ಹೋಯಿತು. ಅದು ಅತ್ತಿತು. ಅಪ್ಪ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಈ ಕೂಸು ಎಷ್ಟನೇ ಕ್ಲಾಸಿರಬೇಕು?’ ಅಂತ ಕೇಳಿದರು. ಒಂದನೇ ಕ್ಲಾಸಿರಬಹುದು ಅಂದೆ. ‘ಒಂದನೇ ಕ್ಲಾಸಿನಾಗ ಎಲ್ಲಾ ಕೂಸಿನ ಹಲ್ಲೂ ಬಿದ್ದಿರ್ತಾವ’ ಅಂದರು. ನೋಟ್‌ಬುಕ್ಕಿನಲ್ಲಿ ‘ಕಲಿಕೆ’ ಅಂತ ಬರೆದಿದ್ದರ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ, ಟಿವಿ ಆರಿಸಿ, ವಾಕಿಂಗ್ ಹೋಗಬೇಕು ಅಂತ ಕೋಟು ಹುಡುಕತೊಡಗಿದರು.

ಆ ಪ್ರಶ್ನೆ ಚಿಹ್ನೆ ನನ್ನ ತಲೆಯಿಂದ ಹೋಗಲಿಲ್ಲ. ಇಂಥ ಕಾರ್ಯಕ್ರಮ ತೋರಿಸುವ ಚಾನೆಲ್ಲಿಗೆ ಆ ಹೆಸರು ಯಾಕೆ ಬಂತು? ಯಾರೋ ಒಬ್ಬರು ಒಂದು ದಿನ ಮನಸ್ಸಿಟ್ಟು ಆ ಹೆಸರು ಇಟ್ಟಿರಲೇಬೇಕಲ್ವಾ? ಅವತ್ತು ರಾತ್ರಿ ಹುಡುಕುತ್ತ ಕೂತೆ. ಕೊನೆಗೆ ಸಿಕ್ಕಿದ ಉತ್ತರ ಅಪ್ಪನ ಮೊದಲ ಶಾಲೆಯ ಬಾಗಿಲಿಗೇ ಬಂದು ನಿಂತಿತು.

ಅವರು ಓದಿ ಬಿಟ್ಟ ಪುಸ್ತಕ

ಟಿಎಲ್‌ಸಿಯ ಬೇರು ಇರುವುದು ಅಪ್ಪಲಾಚಿಯಾ ಅನ್ನುವ ಬೆಟ್ಟದ ಸೀಮೆಯಲ್ಲಿ. ಕಲ್ಲಿದ್ದಲು ಗಣಿಗಳ, ಬಡತನದ ಪ್ರದೇಶ. ಒಹಾಯೋದ ಆಗ್ನೇಯ ಭಾಗವೂ ಅದಕ್ಕೆ ಸೇರುತ್ತದೆ, ನಾವಿದ್ದ ಊರಿನಿಂದ ಕಾರಿನಲ್ಲಿ ಗಂಟೆ, ಒಂದೂವರೆ ಗಂಟೆಯ ದಾರಿ. ಬೆಟ್ಟಗಳ ನಡುವೆ ಚದುರಿಹೋದ ಶಾಲೆಗಳು. ಅಲ್ಲಿನ ಶಿಕ್ಷಕರು ತರಬೇತಿಗೆ ಅಂತ ವಿಶ್ವವಿದ್ಯಾಲಯದ ಊರಿಗೆ ಹೋಗಿಬರುವುದು ಕಷ್ಟ. ಅದಕ್ಕೇ ಪಾಠವನ್ನು ಆಕಾಶದಿಂದ ಕಳಿಸೋಣ ಅಂತ ಹೊರಟರು. 1974ರ ಮೇ 30ರಂದು ನಾಸಾ ಎಟಿಎಸ್-6 ಅನ್ನುವ ಉಪಗ್ರಹವನ್ನು ಹಾರಿಸಿತು. ಮೇಲೆ ಹೋದ ಮೇಲೆ ಛತ್ರಿಯಂತೆ ಬಿಚ್ಚಿಕೊಳ್ಳುವ, 9 ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲದ ಆಂಟೆನಾ ಅದಕ್ಕಿತ್ತು. ಅಷ್ಟು ದೊಡ್ಡ ಆಂಟೆನಾ ಮೇಲೆ ಇದ್ದುದರಿಂದ ಕೆಳಗೆ ಸಣ್ಣ, ಅಗ್ಗದ ಡಿಶ್ ಸಾಕಾಗುತ್ತಿತ್ತು. ಕೆಂಟಕಿಯ ಲೆಕ್ಸಿಂಗ್ಟನ್‌ನಿಂದ ಶಿಕ್ಷಕರಿಗೆ ಪಾಠಗಳು ಶುರುವಾದವು. ಮಕ್ಕಳಿಗೆ ಓದುವುದನ್ನು ಹೇಗೆ ಕಲಿಸಬೇಕು, ಮುಂದೆ ಯಾವ ಯಾವ ಕೆಲಸಗಳಿವೆ ಅಂತ ಹೇಗೆ ಹೇಳಿಕೊಡಬೇಕು, ಇಂಥವು. ನನಗೆ ತುಂಬ ಹಿಡಿಸಿದ್ದು ಒಂದು ಸಂಗತಿ. ಕೆಲವು ತರಗತಿಗಳು ನೇರ ಪ್ರಸಾರದಲ್ಲಿ ನಡೆಯುತ್ತಿದ್ದವು, ಬೆಟ್ಟದ ಊರುಗಳಲ್ಲಿ ಕೂತ ಶಿಕ್ಷಕರು ತಮಗೆ ಅರ್ಥವಾಗದ್ದನ್ನು ಅಲ್ಲಿಂದಲೇ ಸ್ಟುಡಿಯೋಗೆ ಕೇಳಿ ಕಳಿಸಬಹುದಿತ್ತು. ಈ ಕೆಲಸವೇ ಮುಂದೆ ಒಂದು ಜಾಲವಾಗಿ ಬೆಳೆಯಿತು. 1980ರಲ್ಲಿ ‘ದಿ ಲರ್ನಿಂಗ್ ಚಾನೆಲ್’ ಅನ್ನುವ ಹೆಸರು ತೊಟ್ಟಿತು.

ಆದರೆ ಆ ಉಪಗ್ರಹ ಮೊದಲ ಸಲ ಅಲ್ಲಿ ಪಾಠ ಮಾಡಿದ್ದು ಒಂದೇ ವರ್ಷ. 1975ರಲ್ಲಿ ಅದನ್ನು ಆಕಾಶದಲ್ಲೇ ಪೂರ್ವಕ್ಕೆ ಸರಿಸಿ, ಆಫ್ರಿಕಾದ ನೆತ್ತಿಯ ಮೇಲೆ, ಭಾರತಕ್ಕೆ ಕಾಣುವಂತೆ ನಿಲ್ಲಿಸಿದರು. ಅಷ್ಟು ದಿನ ಅಪ್ಪಲಾಚಿಯಾದ ತರಗತಿಗಳಿಗೆ ಆ ಉಪಗ್ರಹ ಇಲ್ಲವಾಯಿತು. 1969ರಲ್ಲೇ ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಜನಕ ವಿಕ್ರಮ್ ಸಾರಾಭಾಯಿ ನಾಸಾ ಜೊತೆ ಇದಕ್ಕಾಗಿ ಒಪ್ಪಂದ ಮಾಡಿಕೊಂಡಿದ್ದರು. ಕಣ್ಣಾರೆ ನೋಡಲು ಅವರು ಉಳಿಯಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ಬಂತು. ಅದರ ಹೆಸರು ಸೈಟ್, ಅಂದರೆ ಉಪಗ್ರಹದ ಮೂಲಕ ಟಿವಿಯಲ್ಲಿ ಕಲಿಸುವ ಪ್ರಯೋಗ. ಕರ್ನಾಟಕದಲ್ಲಿ ಆರಿಸಿಕೊಂಡಿದ್ದು ಮೂರು ಜಿಲ್ಲೆ: ಬಿಜಾಪುರ, ಗುಲ್ಬರ್ಗಾ, ರಾಯಚೂರು. ಬೆಂಗಳೂರಿಗೆ ದೂರದರ್ಶನ ಬರಲು ಇನ್ನೂ ಆರು ವರ್ಷ ಬಾಕಿಯಿತ್ತು. ರಾಜಧಾನಿಗಿಂತ ಮೊದಲು ನಮ್ಮ ಕಡೆಗೆ ಬಂದ ವಸ್ತುಗಳು ಬಹಳ ಇಲ್ಲ. ಟಿವಿ ಒಂದು ಬಂದಿತ್ತು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಸೈಟ್ ಗೊತ್ತಿತ್ತು. ಗೊತ್ತಿತ್ತು ಅನ್ನುವುದೇನು, 1975ರ ಜೂನ್‌ನಲ್ಲಿ ಅವರು ಕೆಲಸಕ್ಕೆ ಸೇರಿದ ಮೊದಲ ಹಳ್ಳಿಯ ಶಾಲೆಗೇ ಆ ಟಿವಿ ಬಂದಿತ್ತು. ಅದರ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ಆ ಚಾನೆಲ್ಲಿಗೂ ಅದಕ್ಕೂ ಒಂದೇ ಉಪಗ್ರಹ ಅನ್ನುವುದು ಮಾತ್ರ ಹೊಸದು. ಲೋಟ ಕೆಳಗಿಟ್ಟು ‘ಅದಾ ಉಪಗ್ರಹನಾ?’ ಅಂತ ಎರಡು ಸಲ ಕೇಳಿದರು. ನಮ್ಮಲ್ಲಿ ಮೇಲಿನ ಕ್ಲಾಸಿಗೆ ಹೋದ ಹುಡುಗರ ಪುಸ್ತಕವನ್ನು ಅರ್ಧ ರೇಟಿಗೆ ಕೊಂಡು ಓದುವ ರೂಢಿ ಇತ್ತಲ್ಲ, ಅಪ್ಪ ಅದನ್ನೇ ನೆನೆದು, ‘ಅಂದ್ರ ಅವರು ಓದಿ ಬಿಟ್ಟ ಪುಸ್ತಕ ನಮಗ ಬಂದಿತ್ತು’ ಅಂದರು.

ಶಾಲೆಯ ಜಗಲಿ

ಅವತ್ತಿಡೀ ಅಪ್ಪ ಅದನ್ನೇ ಮಾತಾಡಿದರು. ಶಾಲೆ ಅಂದರೆ ಎರಡು ಕೋಣೆ, ಒಂದು ಜಗಲಿ. ಅಂಗಳದಲ್ಲಿ ಕೋಳಿಬಲೆಯ ತಂತಿಯಿಂದ ಮಾಡಿದ 3 ಮೀಟರ್ ಅಗಲದ ಡಿಶ್. ಊರವರು ಅದಕ್ಕೆ ‘ಜಾಲರಿ’ ಅಂತಿದ್ದರಂತೆ. ದನ ಬಂದು ಮೈ ಉಜ್ಜಿದರೆ ದಿಕ್ಕು ತಪ್ಪುತ್ತದೆ ಅಂತ ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿಸಿದ್ದರು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೆಳಗಿನ ಒಂದೂವರೆ ಗಂಟೆಯನ್ನು ನಾಲ್ಕು ಭಾಷೆಗೆ ಹಂಚಿದ್ದರಿಂದ ಕನ್ನಡದ ಪಾಲಿಗೆ ಬರುತ್ತಿದ್ದುದು ಇಪ್ಪತ್ತೆರಡೂವರೆ ನಿಮಿಷ. ಆ ಇಪ್ಪತ್ತೆರಡೂವರೆ ನಿಮಿಷಕ್ಕೆ ಅಪ್ಪ ಹಿಂದಿನ ರಾತ್ರಿಯೇ ತಯಾರಾಗುತ್ತಿದ್ದರು. ಒಂದು ದಿನ ಟಿವಿಯಲ್ಲಿ ನೀರು ತುಂಬಿದ ಲೋಟದ ಮೇಲೆ ರಟ್ಟು ಮುಚ್ಚಿ, ಬೋರಲು ಹಾಕಿದರೂ ನೀರು ಚೆಲ್ಲದೆ ನಿಲ್ಲುವುದನ್ನು ತೋರಿಸಿದರಂತೆ. ಮರುದಿನ ಅರ್ಧ ಕ್ಲಾಸು ಮನೆಯಿಂದ ಲೋಟ ತಂದಿತ್ತು. ಪುಸ್ತಕದ ರಟ್ಟು ಹರಿದು ಹರಿದು ನೋಡಿದರು. ಜಗಲಿಯ ತುಂಬ ನೀರು. ಹೆಡ್‌ಮಾಸ್ತರು ಬೈದರು. ಆದರೆ ಎರಡನೇ ಕ್ಲಾಸಿನ ಒಬ್ಬ ಹುಡುಗ, ಕುರಿ ಕಾಯುವವರ ಮನೆಯವನು, ಲೋಟ ಎತ್ತಿ ಹಿಡಿದು, ‘ಸರ್, ನೀರನ್ನ ಯಾರು ಹಿಡಕೊಂಡಾರ?’ ಅಂತ ಕೇಳಿದನಂತೆ. ಗಾಳಿ ಅಂತ ಹೇಳುವ ಮೊದಲು ಆ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದೆ ಅಂದರು ಅಪ್ಪ. ಹೇಳುವಾಗ ಅವರ ಕೈ ಇಲ್ಲದ ಲೋಟವನ್ನು ಎತ್ತಿ ಹಿಡಿದಿತ್ತು.

ಸಂಜೆಯ ಸಂಗತಿ ಬೇರೆ. ಇಡೀ ಊರು ಬಂದು ಕೂರುತ್ತಿತ್ತು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಒಕ್ಕಲುತನ, ದನಕರುಗಳ ರೋಗ, ಬಾಣಂತಿಯ ಆರೈಕೆ, ಹಾಡು, ನಾಟಕ. ಒಂದೇ ಚಿತ್ರದ ಜೊತೆ ಎರಡು ಭಾಷೆಯ ದನಿ ಕಳಿಸುವ ಅನುಕೂಲ ಇದ್ದುದರಿಂದ ಕೆಲವೊಮ್ಮೆ ತುಟಿ ತೆಲುಗಿನಲ್ಲಿ ಆಡುತ್ತಿದ್ದರೆ ಮಾತು ಕನ್ನಡದಲ್ಲಿ ಕೇಳುತ್ತಿತ್ತಂತೆ. ರಾಯಚೂರಿನವರಿಗೆ ಅದೇನೂ ತೊಡಕಾಗಲಿಲ್ಲ, ಎರಡೂ ಬರುತ್ತಿತ್ತು. ಹಿಂದಿ ವಾರ್ತೆ ಬಂದಾಗ ಮಾತ್ರ ಜನ ಎದ್ದು ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದರು. ಅದು ತುರ್ತು ಪರಿಸ್ಥಿತಿಯ ವರ್ಷ ಅನ್ನುವುದನ್ನು ಮರೆಯಬಾರದು. ವಾರ್ತೆಯಲ್ಲಿ ಬರುತ್ತಿದ್ದುದು ಸರ್ಕಾರದ ಮಾತು ಮಾತ್ರ. ಕುಟುಂಬ ಯೋಜನೆಯ ಉಪದೇಶ ಹೆಚ್ಚಾದಾಗ ಹೆಂಗಸರು ಸೆರಗು ಎಳೆದುಕೊಂಡು ಎದ್ದು ಹೋಗುತ್ತಿದ್ದರಂತೆ. ಅದೆಲ್ಲ ಚಿನ್ನದ ಕಾಲ ಅಂತ ನಾನು ಹೇಳುತ್ತಿಲ್ಲ. ಟಿವಿ ಬಂದ ಮಾತ್ರಕ್ಕೆ ಶಾಲೆ ಬಿಡುವ ಮಕ್ಕಳು ಬಿಡುವುದನ್ನು ನಿಲ್ಲಿಸಲೂ ಇಲ್ಲ. ಸುಗ್ಗಿ ಬಂದರೆ ಹೊಲಕ್ಕೆ ಹೋಗುವವರು ಹೋದರು.

ಆದರೂ ಅಪ್ಪ ಹೇಳಿದ ಒಂದು ಘಟನೆ ನನ್ನನ್ನು ಹಿಡಿದು ಕೂರಿಸಿತು. ಸೈಟ್‌ನವರು ಟಿವಿ ಇಟ್ಟು ಹೋಗಿ ಕೈ ತೊಳೆದುಕೊಳ್ಳಲಿಲ್ಲ. ಕೆಲವು ಹಳ್ಳಿಗಳಲ್ಲಿ ಸಂಶೋಧಕರು ತಿಂಗಳುಗಟ್ಟಲೆ ಅಲ್ಲೇ ವಾಸ ಮಾಡಿದರು. ಬೇರೆ ಕಡೆ ಪ್ರಶ್ನೆಗಳ ಹಾಳೆ ಹಿಡಿದು ಬಂದು ಕೇಳಿ ಹೋಗುತ್ತಿದ್ದರು. ಅಪ್ಪನ ಊರಿಗೂ ಹಾಗೊಬ್ಬ ಯುವಕ ಬಂದ. ಜಗಲಿಯ ಮೇಲೆ ಕೂತಿದ್ದ ಒಬ್ಬ ಮುದುಕನನ್ನು, ‘ನಿನ್ನೆ ಎತ್ತಿನ ಕಾಲುಬಾಯಿ ರೋಗದ ಬಗ್ಗೆ ತೋರಿಸಿದ್ದು ತಿಳೀತೇನ್ರಿ?’ ಅಂತ ಕೇಳಿದ. ಮುದುಕ, ‘ತಿಳೀತು. ನೀ ಹೇಳಿದ ಔಷಧ ಎಲ್ಲಿ ಸಿಗ್ತದ ಅದನ್ನ ಹೇಳಲಿಲ್ಲಲ್ಲ? ದನದ ದವಾಖಾನಿ ಇಲ್ಲಿಂದ ಎಂಟು ಹರದಾರಿ. ಕಾಲು ನೊಂದ ಎತ್ತು ಅಷ್ಟು ದೂರ ನಡೀತದೇನು?’ ಅಂದ. ಜನ ನಕ್ಕರು. ಆ ಹುಡುಗ ನಗಲಿಲ್ಲ. ಚೀಲದಿಂದ ಇನ್ನೊಂದು ಹಾಳೆ ತೆಗೆದು, ಮುದುಕನ ಮಾತನ್ನು ಇದ್ದ ಹಾಗೇ ಬರೆದುಕೊಂಡು, ಓದಿ ತೋರಿಸಿ, ಸರಿಯಾಯ್ತಾ ಅಂತ ಕೇಳಿ, ಮಡಚಿ ಇಟ್ಟುಕೊಂಡನಂತೆ. ಆ ಹಾಳೆ ಸೈಟ್‌ನ ಕೇಂದ್ರವಿದ್ದ ಅಹಮದಾಬಾದಿಗೆ ಹೋಯಿತೋ ಇಲ್ಲವೋ ಅಪ್ಪನಿಗೆ ತಿಳಿಯದು. ಆದರೆ ಆ ಮುದುಕ ಸಾಯುವವರೆಗೂ, ‘ನಾ ಹೇಳಿದ್ದನ್ನ ಟಿವಿಯವರು ಬರಕೊಂಡು ಹೋಗ್ಯಾರ’ ಅಂತ ಹೇಳುತ್ತಿದ್ದನಂತೆ.

ಯಾರು ನೋಡಿದರು ಅನ್ನುವ ಲೆಕ್ಕ

ಅಪ್ಪಲಾಚಿಯಾದಲ್ಲೂ ರಾಯಚೂರಿನಲ್ಲೂ ಟಿವಿ ಕೇಳಿದ ಪ್ರಶ್ನೆ ಒಂದೇ: ತಿಳೀತಾ? ಆಮೇಲೆ ಆ ಪ್ರಶ್ನೆ ಹೋಗಿ ಅದರ ಜಾಗಕ್ಕೆ ‘ನೋಡಿದ್ರಾ?’ ಬಂತು. ಕಲಿಸುವ ಟಿವಿ ಕೆಟ್ಟದ್ದರ ಕಥೆ ಇಷ್ಟೇ ಅಂತ ನನಗನಿಸುತ್ತದೆ. ಜನ ಕಲಿಯಲು ಒಲ್ಲೆ ಅಂದರು, ಅದಕ್ಕೇ ಚಾನೆಲ್ಲುಗಳು ಬದಲಾದವು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಲಿತರಾ ಅಂತ ಯಾರೂ ಕೇಳದೇ ಇದ್ದಾಗ ಒಲ್ಲೆ ಅಂದರೋ ಹೌದು ಅಂದರೋ ಗೊತ್ತಾಗುವುದು ಹೇಗೆ?

ಟಿಎಲ್‌ಸಿ ಒಂದೇ ದಿನದಲ್ಲಿ ಹಾಳಾಗಲಿಲ್ಲ. ಸರ್ಕಾರದ ದುಡ್ಡು ನಿಂತ ಮೇಲೆ ಖಾಸಗಿಯಾಯಿತು. 1991ರಲ್ಲಿ ಡಿಸ್ಕವರಿ ಕೊಂಡುಕೊಂಡಿತು. ತೊಂಬತ್ತರ ದಶಕದಲ್ಲೂ ಇತಿಹಾಸ, ವಿಜ್ಞಾನದ ಒಳ್ಳೆಯ ಕಾರ್ಯಕ್ರಮಗಳು ಬರುತ್ತಿದ್ದವು. 1998ರ ಸುಮಾರಿಗೆ ‘ಲರ್ನಿಂಗ್’ ಅನ್ನುವ ಪೂರ್ತಿ ಹೆಸರು ಹಿಂದೆ ಸರಿದು ಮೂರು ಅಕ್ಷರ ಮಾತ್ರ ಉಳಿದವು. 2000ದಲ್ಲಿ ನೆರೆಮನೆಯವರು ಒಬ್ಬರ ಕೋಣೆಯನ್ನು ಒಬ್ಬರು ಅಲಂಕರಿಸುವ ‘ಟ್ರೇಡಿಂಗ್ ಸ್ಪೇಸಸ್’ ಶುರುವಾಗಿ ಜನ ಮುಗಿಬಿದ್ದು ನೋಡಿದರು. ಅದರಲ್ಲಿ ತಪ್ಪೇನಿಲ್ಲ, ಗೋಡೆಗೆ ಬಣ್ಣ ಹೊಡೆಯುವುದೂ ಒಂದು ಕಲಿಕೆಯೇ. ಆದರೆ ನಟರು ಬೇಡ, ಕಥೆ ಬರೆಯುವವರು ಬೇಡ, ಕಡಿಮೆ ಖರ್ಚು, ಹೆಚ್ಚು ಜಾಹೀರಾತು ಅನ್ನುವ ರುಚಿ ಹತ್ತಿತು. ಕೋಣೆಯಿಂದ ಮದುವೆಯ ಬಟ್ಟೆಗೆ, ಅಲ್ಲಿಂದ ಹೆರಿಗೆಗೆ, ಹೆಚ್ಚು ಮಕ್ಕಳಿರುವ ಸಂಸಾರಕ್ಕೆ, ಆ ಸಂಸಾರ ಒಡೆಯುವುದಕ್ಕೆ, ಕೊನೆಗೆ ಅಪ್ಪ ನೋಡಿದ ಆ ಹಲ್ಲಿಲ್ಲದ ಕೂಸಿಗೆ. ಇಳಿದ ಪ್ರತಿ ಮೆಟ್ಟಿಲೂ ಹಿಂದಿನ ಮೆಟ್ಟಿಲಿಗಿಂತ ಸ್ವಲ್ಪವೇ ಕೆಳಗಿತ್ತು. 2012ರಲ್ಲಿ ಅಂಥ ಸ್ಪರ್ಧೆಯ ಒಂದು ಪುಟ್ಟ ಹುಡುಗಿಯ ಮನೆಯನ್ನೇ ಇಡೀ ಕಾರ್ಯಕ್ರಮ ಮಾಡಿದರು. ‘ಹಿಯರ್ ಕಮ್ಸ್ ಹನಿ ಬೂ ಬೂ’ ಅಂತ ಹೆಸರು. ಅವರು ಜಾರ್ಜಿಯಾದ ಹಳ್ಳಿಗಾಡಿನ ಬಡ ಮನೆಯವರು. ಅವರ ಮಾತು, ಊಟ, ಮೈಕಟ್ಟು ನೋಡಿ ದೇಶ ನಕ್ಕಿತು. ಅವರ ಮಾತು ನೋಡುಗರಿಗೆ ಅರ್ಥವಾಗಲಿಕ್ಕಿಲ್ಲ ಅಂತ ಇಂಗ್ಲಿಷಿಗೇ ಇಂಗ್ಲಿಷ್ ಅಡಿಬರಹ ಹಾಕುತ್ತಿದ್ದರು. ನನಗೆ ಬಹಳ ನೋವಾಗುವುದು ಇಲ್ಲಿ. ಬಡ ಹಳ್ಳಿಗಾಡಿನ ಮಕ್ಕಳ ಮಾಸ್ತರರಿಗೆ ಪಾಠ ಮುಟ್ಟಿಸಲು ಹುಟ್ಟಿದ ಚಾನೆಲ್ ಅದು. ನಲವತ್ತು ವರ್ಷದೊಳಗೆ ಬಡ ಹಳ್ಳಿಗಾಡಿನ ಒಂದು ಮಗುವನ್ನೇ ತೋರಿಸಿ ದುಡ್ಡು ಮಾಡಿತು.

ನಮ್ಮ ಕಡೆಯ ದಾರಿ

ನಾವೂ ಅದೇ ದಾರಿಯಲ್ಲಿ ನಡೆದೆವು. 1975ರಲ್ಲಿ ಟಿವಿ ಹಳ್ಳಿಗೆ ಬಂದಿದ್ದು ಹಳ್ಳಿಯವರ ಜೊತೆ ಮಾತಾಡಲು. 2010ರಲ್ಲಿ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಬಂದಾಗ ಕ್ಯಾಮೆರಾ ಮತ್ತೆ ಹಳ್ಳಿಗೆ ಹೋಯಿತು. ಈ ಸಲ ಹಳ್ಳಿ ಬರೀ ಹಿನ್ನೆಲೆ. ಸಗಣಿ ಎತ್ತಲು ಬಾರದ ಹುಡುಗಿಯರು ಅಳುವುದನ್ನು ನೋಡುವುದು ಆಟ. ಪಕ್ಕದಲ್ಲಿ ನಿಂತ ಹಳ್ಳಿ ಹೆಂಗಸು ದಿನಾ ಆ ಸಗಣಿ ಎತ್ತುತ್ತಾಳಲ್ಲ, ಅವಳನ್ನು ಯಾರಾದರೂ ಏನಾದರೂ ಕೇಳಿದರಾ? ನಾನೂ ಅದನ್ನು ನೋಡಿದ್ದೇನೆ. ಚೆನ್ನಾಗಿಯೂ ಇತ್ತು, ಮನೆಮಂದಿ ಸೇರಿ ನೋಡುತ್ತಿದ್ದೆವು. ನೋಡಿದವರನ್ನು ಬೈಯುವ ಮನಸ್ಸು ನನಗಿಲ್ಲ. ದಿನವಿಡೀ ದುಡಿದು ಬಂದವರು ಏನನ್ನು ಕೊಟ್ಟರೆ ಅದನ್ನು ನೋಡುತ್ತಾರೆ. ಕೊಡುವವರ ಕೈಯಲ್ಲಿ ಇರುವುದು ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಒಂದೇ. ಅದರಲ್ಲೂ ಹಳ್ಳಿಗಳನ್ನು ಸರಿಯಾಗಿ ಸೇರಿಸಿಕೊಂಡು ದೇಶದ ಲೆಕ್ಕ ಕೊಡಲು, ಟಿವಿ ನೋಡುಗರನ್ನು ಎಣಿಸುವ ಬಾರ್ಕ್ ಸಂಸ್ಥೆ ಶುರುಮಾಡಿದ್ದು 2015ರ ಅಕ್ಟೋಬರಿನಲ್ಲಿ. ಅಂದರೆ ಆ ಮುದುಕನ ಮಾತು ಬರೆದುಕೊಂಡ ನಲವತ್ತು ವರ್ಷದ ಮೇಲೆ. ಅದೂ ಅವನ ಮಾತಿನ ಲೆಕ್ಕ ಅಲ್ಲ, ಅವನ ಮನೆಯ ಟಿವಿ ಯಾವ ಚಾನೆಲ್ಲಿನಲ್ಲಿದೆ ಅನ್ನುವ ಲೆಕ್ಕ.

ಇನ್ನೊಂದು ಸಂಗತಿ ನನ್ನನ್ನು ಆಗಾಗ ಕಾಡುತ್ತದೆ. ಬಿಗ್ ಬಾಸ್‌ನ ಮೂಲ ಹಾಲೆಂಡಿನದು, 1999ರದ್ದು. ಅದು ಸರಾಗವಾಗಿ ಗಡಿ ದಾಟಿ 2013ರಲ್ಲಿ ಕನ್ನಡಕ್ಕೆ ಬಂತು. ಇಲ್ಲಿಯದೇ ಜನ, ಇಲ್ಲಿಯದೇ ಜಗಳ, ಇಲ್ಲಿಯದೇ ಭಾಷೆ. ಆದರೆ ಸಮುದ್ರದ ತಳದ ಬಗ್ಗೆಯೋ ಜ್ವಾಲಾಮುಖಿಯ ಬಗ್ಗೆಯೋ ಒಂದು ಒಳ್ಳೆಯ ಸಾಕ್ಷ್ಯಚಿತ್ರ ಕನ್ನಡದಲ್ಲಿ ಬರಬೇಕೆಂದರೆ ಡಬ್ಬಿಂಗ್ ಆಗಬೇಕು. ಡಬ್ಬಿಂಗ್ ಬೇಡ ಅನ್ನುವ ಕಟ್ಟು ನಮ್ಮಲ್ಲಿ ದಶಕಗಳ ಕಾಲ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪು ಅಂದಿತು. ನಮ್ಮ ಕಲಾವಿದರ ಅನ್ನದ ಪ್ರಶ್ನೆ ಅದು ಅಂದವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಕಟ್ಟಿನಲ್ಲಿ ನಿಂತುಹೋದದ್ದರಲ್ಲಿ ತಿಮಿಂಗಿಲವೂ ಇತ್ತು. ತಿಮಿಂಗಿಲವನ್ನು ಕನ್ನಡದಲ್ಲಿ ಮತ್ತೆ ಚಿತ್ರೀಕರಿಸಲು ಆಗುತ್ತದಾ? ಜಗಳವನ್ನಾದರೆ ಎಲ್ಲಿ ಬೇಕಾದರೂ ಮರುಚಿತ್ರೀಕರಿಸಬಹುದು. ಅದಕ್ಕೇ ಜಗಳ ಬೇಗ ಬಂತು.

ಹಾಗಂತ ಎಲ್ಲ ಆರಿಹೋಯಿತು ಅನ್ನಲಾಗದು. ಚಂದನದ ‘ಥಟ್ ಅಂತ ಹೇಳಿ’ 2002ರಿಂದ ಸಾವಿರಾರು ಕಂತು ನಡೆದಿದೆ. ಡಾ. ನಾ. ಸೋಮೇಶ್ವರ ಅವರು ಉತ್ತರ ಸರಿಯಾದರೆ ಪುಸ್ತಕ ಕೊಡುತ್ತಾರೆ. ತಪ್ಪಾದರೆ ಯಾಕೆ ತಪ್ಪು ಅಂತ ಹೇಳುತ್ತಾರೆ, ಆಮೇಲೆಯೇ ಮುಂದಿನ ಪ್ರಶ್ನೆ. ಒಂದು ಪ್ರಶ್ನೆಗೆ ಕೋಟಿ ಇಟ್ಟರೆ ಜನರ ಕಣ್ಣು ದುಡ್ಡಿನ ಮೇಲೆ ಹೋಗುತ್ತದೆ. ಪುಸ್ತಕ ಇಟ್ಟರೆ ಪ್ರಶ್ನೆಯ ಮೇಲೇ ಉಳಿಯುತ್ತದೆ. ಇಸ್ರೋ ಕೂಡ ಸೈಟನ್ನು ಮರೆಯಲಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಹಾರಿಸಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. ಅಪ್ಪನಿಗೆ ಆ ಸುದ್ದಿ ಪೇಪರಿನಲ್ಲಿ ಓದಿ ಖುಷಿಯಾಗಿತ್ತು. ಪೇಪರ್ ಕತ್ತರಿಸಿ ಇಟ್ಟಿದ್ದರು.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ನಾವು ಊರಿಗೆ ವಾಪಸಾಗಿದ್ದೆವು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ 8, 9, 10ನೇ ತರಗತಿಗೆ ‘ಸಂವೇದ’ ಪಾಠಗಳು ಶುರುವಾದವು. ತಂಗಿಯ ಮಗಳು ಎಂಟನೇ ಕ್ಲಾಸು. ಮನೆಯಲ್ಲಿದ್ದ ಒಂದೇ ಒಂದು ಸ್ಮಾರ್ಟ್‌ಫೋನ್ ಅವಳಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು, ಟಿವಿ ಮನೆಯಲ್ಲೇ ಇರುತ್ತಿತ್ತು. ದಿನಾ ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ, ಅಂಗಿ ಇಸ್ತ್ರಿ ಮಾಡಿಸಿಕೊಂಡು, ಅವಳ ಪಕ್ಕ ಬಂದು ಕೂರುತ್ತಿದ್ದರು. ಪಾಠದ ನಡುವೆ ಮಾತಿಲ್ಲ. ಕಾರ್ಯಕ್ರಮ ಮುಗಿದು ಟಿವಿಯಲ್ಲಿ ಹಾಡು ಶುರುವಾದ ಕೂಡಲೇ ದನಿ ಕಡಿಮೆ ಮಾಡಿ, ಅವಳ ಕಡೆ ತಿರುಗಿ ಕೇಳುತ್ತಿದ್ದರು: ‘ತಿಳೀತೇನವ್ವಾ?’

ಮೊದಮೊದಲು ಅವಳು ಹ್ಞೂಂ ಅನ್ನುತ್ತಿದ್ದಳು. ಒಂದು ದಿನ, ‘ಇಲ್ಲ ತಾತ. ಆ ಟೀಚರ್ ಚಿತ್ರ ಬರೆದು ಭಾಳ ಲಗೂನ ತೆಗೆದುಬಿಟ್ರು’ ಅಂದಳು. ಅಪ್ಪ ಎದ್ದು ದೇವರ ಮನೆಯ ಗೂಡಿನಿಂದ ಸೀಮೆಸುಣ್ಣ ತಂದರು. ಮಂಡಿ ನೋವಿದ್ದರೂ ಕೆಳಗೆ ಕೂತರು. ನಮ್ಮ ಮನೆಯದು ಶಹಾಬಾದಿ ಕಲ್ಲಿನ ನೆಲ, ಬೂದು ಬಣ್ಣದ್ದು, ಬೋರ್ಡಿಗಿಂತ ಚೆನ್ನಾಗಿ ಅಕ್ಷರ ಮೂಡುತ್ತದೆ. ಟಿವಿಯ ಕೆಳಗಿನಿಂದ ಶುರುಮಾಡಿ ಬಾಗಿಲವರೆಗೂ ಅಪ್ಪ ಆ ಚಿತ್ರವನ್ನು ನಿಧಾನಕ್ಕೆ ಮತ್ತೆ ಬರೆದರು. ಅಡಿಗೆ ಮನೆಯಿಂದ ಬಂದ ಅಮ್ಮನಿಗೆ, ‘ಸಂಜಿತನಕ ನೆಲ ಒರೆಸಬ್ಯಾಡ’ ಅಂದರು.